ಸದ್ದು ಹಿಡಿಯುವ ಕಿವಿ

“ಗಾಡೀಲಿ ಏನೋ ಸದ್ದು ಬರ್ತಿದೆ ಅಣ್ಣಾ” ಎಂದರೆ ಒಳ್ಳೆಯ ಮೆಕ್ಯಾನಿಕ್ ಸ್ಪ್ಯಾನರ್ ಎತ್ತಿಕೊಳ್ಳುವುದಿಲ್ಲ, ಕೀ ಕೇಳುತ್ತಾರೆ. ಕೊಡಗು, ಮಲೆನಾಡಿನ ತೋಟದ ದಾರಿಗಳಲ್ಲಿ ದುಡಿಯುವ ಫೋರ್ ವೀಲ್ ಡ್ರೈವ್ ಪಿಕಪ್‌ಗೆ ಈ ತಾಳ್ಮೆ ಬೇಕೇ ಬೇಕು. ಹಿಂದೆ ಮುಂದೆ ಎರಡು ಡಿಫರೆನ್ಷಿಯಲ್, ಎರಡು ಪ್ರೊಪೆಲ್ಲರ್ ಶಾಫ್ಟ್, ನಡುವೆ ಟ್ರಾನ್ಸ್‌ಫರ್ ಕೇಸ್. ಮುಂದೆ ಹುಟ್ಟಿದ ಸದ್ದು ಚಾಸಿ ಹಿಡಿದು ಹೋಗಿ ಹಿಂದೆ ಕೇಳಿಸಬಹುದು.

ಅವರು ಒಂದೊಂದೇ ಅನುಮಾನ ಕಳೆಯುತ್ತ ಹೋಗುವ ರೀತಿ ನನಗೆ ಬಲು ಇಷ್ಟ. ಓಡುವಾಗ ನ್ಯೂಟ್ರಲ್ ಮಾಡುತ್ತಾರೆ. ಗುಂಯ್‌ಗುಟ್ಟುವುದು ಚಕ್ರದ ವೇಗದ ಜೊತೆಗೇ ಇಳಿದರೆ ಎಂಜಿನ್ ಮೇಲಿನ ಅನುಮಾನ ಹೋಯಿತು. ಬಲಕ್ಕೆ ತಿರುಗಿಸಿದಾಗ ಭಾರ ಎಡಗಡೆ ಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಏರಿದರೆ ಎಡಗಡೆ ಬೇರಿಂಗ್ ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಬಂದರೆ ಡಿಫರೆನ್ಷಿಯಲ್ ಒಳಗಿನ ಕ್ರೌನ್-ಪಿನಿಯನ್.

ರಿವರ್ಸ್‌ನಿಂದ ಫಸ್ಟ್‌ಗೆ ಹಾಕುವಾಗ ‘ಟಕ್’ ಎಂದಿತೋ, ಚಕ್ರಕ್ಕೆ ಕಲ್ಲು ಕೊಟ್ಟು ಅಡಿಗೆ ನುಸುಳುತ್ತಾರೆ. ಶಾಫ್ಟನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಚುತ್ತಾರೆ. ಶಾಫ್ಟಿನ ಕೀಲಿನಲ್ಲಿರುವ ಕ್ರಾಸ್‌ನ ಕಪ್ ಸುತ್ತ ಕುಂಕುಮದಷ್ಟು ನುಣ್ಣಗೆ ಕೆಂಪು ಪುಡಿ ಅಂಟಿರುತ್ತದೆ: ಗ್ರೀಸ್ ಒಣಗಿ, ಒಳಗಿನ ಸೂಜಿ ರೋಲರ್‌ಗಳು ಸವೆದು ಉದುರಿದ ತುಕ್ಕು.

ಕೆಲವೊಮ್ಮೆ ಏನೂ ಕೆಟ್ಟೇ ಇರುವುದಿಲ್ಲ. ಇಂಥ ಹೆಚ್ಚಿನ ಪಿಕಪ್‌ಗಳಿಗೆ ಮಧ್ಯದ ಡಿಫರೆನ್ಷಿಯಲ್ ಇಲ್ಲ. ಹಾಗಾಗಿ ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡೇ ತಿರುಗಿಸಿದರೆ ಟೈರು ಕೀರುತ್ತದೆ, ಗಾಡಿ ಜಗ್ಗುತ್ತದೆ. ಅದನ್ನು ಕಂಡುಕೊಂಡವರು ಏನೂ ಬಿಚ್ಚುವುದಿಲ್ಲ. “ಟಾರ್ ರೋಡಿಗೆ ಬಂದ್ಮೇಲೆ ಟೂ ವೀಲಿಗೆ ಹಾಕಿ ಸಾರ್” ಎಂದು ಕೀ ವಾಪಸ್ ಕೊಡುತ್ತಾರೆ.