ಸೋಮೇಶ್ವರನ ಇಲಿ, ನೈರೋಬಿಯ ಮೊಸಳೆ

ನೈರೋಬಿಗೆ ಹೋಗಿಬಂದವರ ಪ್ರವಾಸ ಬರಹಗಳಲ್ಲಿ 'ಕಾರ್ನಿವೋರ್' ಹೋಟೆಲಿನ ಊಟ ಬಹುಮಟ್ಟಿಗೆ ತಪ್ಪುವುದಿಲ್ಲ. 1980ರಲ್ಲಿ ಶುರುವಾದ ಹೋಟೆಲು ಅದು. ಮಸಾಯಿ ಕತ್ತಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸವನ್ನು ಮೇಜಿಗೇ ತಂದು ಕೊಯ್ದು ಹಾಕುತ್ತಾರೆ. ಸಾಕೆನಿಸಿದಾಗ ಮೇಜಿನ ಮೇಲಿನ ಪುಟ್ಟ ಬಾವುಟ ಇಳಿಸಬೇಕು. ಮೊದಲು ಜೀಬ್ರಾ ಕೂಡ ಇತ್ತು. 2004ರಲ್ಲಿ ಕೀನ್ಯಾ ಸರ್ಕಾರ ಕಾಡುಮಾಂಸದ ಮಾರಾಟ ನಿಲ್ಲಿಸಿದ ಮೇಲೆ ಉಳಿದದ್ದು ಸಾಕಿದ ಮೊಸಳೆ, ಉಷ್ಟ್ರಪಕ್ಷಿಯಂಥವು. ನಮ್ಮ ಪ್ರವಾಸಿ ಲೇಖಕ ಮೊಸಳೆ ತಿನ್ನುತ್ತಾನೆ, 'ಕೋಳಿಯ ಹಾಗೇ ಇತ್ತು' ಎಂದು ಬರೆಯುತ್ತಾನೆ, ಸಫಾರಿಗೆ ಹೊರಡುತ್ತಾನೆ.

ನನ್ನ ತಕರಾರು ಆ ಕೋಳಿಯ ಬಗ್ಗೆ. ತಿಂದದ್ದೇನು ಎಂದು ಹೇಳಬೇಕಾದ ಜಾಗದಲ್ಲಿ ಅದು ಬಂದು ಕೂತುಬಿಡುತ್ತದೆ. ಬರಹಕ್ಕೆ ಬೇಕಿರುವುದು ಮೊಸಳೆಯ ರುಚಿಯಲ್ಲ, ಮೊಸಳೆ ತಿಂದವನ ಧೈರ್ಯ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಿಗೆ ಈ ಕಷ್ಟ ಇರಲಿಲ್ಲ. ಸುಮಾರು 1129ರ ಅವನ 'ಮಾನಸೋಲ್ಲಾಸ' ಸಂಸ್ಕೃತದಲ್ಲಿದ್ದರೂ ಅದರ ಅಡುಗೆಮನೆ ನಮ್ಮದೇ. ಅನ್ನಭೋಗದ ಭಾಗದಲ್ಲಿ ಇಲಿ ಬರುತ್ತದೆ: ಹೊಲದಲ್ಲಿ, ನದಿ ದಂಡೆಯಲ್ಲಿ ಬೆಳೆದ ಕಪ್ಪು, ಬಲಿತ ಇಲಿ. ಬಾಲ ಹಿಡಿದು ಕಾದ ಎಣ್ಣೆಯಲ್ಲಿ ಅದ್ದಿ ಕೂದಲು ತೆಗೆಯಬೇಕು, ಬಿಸಿನೀರಲ್ಲಿ ತೊಳೆಯಬೇಕು, ಹೊಟ್ಟೆ ಸೀಳಿ ಹುಳಿ, ಉಪ್ಪು ಹಾಕಿ ಬೇಯಿಸಬೇಕು. ಇಲ್ಲವೇ ಕಬ್ಬಿಣದ ಸರಳಿಗೆ ಚುಚ್ಚಿ ಕೆಂಡದಲ್ಲಿ ಸುಡಬೇಕು. ಆಮೆಯ ಮಾಂಸದ ರುಚಿಗೆ ಅವನು ಕೊಡುವ ಹೋಲಿಕೆ ಬಾಳೆಯದು. ಒಪ್ಪುತ್ತೀರೋ ಬಿಡುತ್ತೀರೋ, ನಾಲಿಗೆಯ ಮೇಲಿಟ್ಟು ಯೋಚಿಸಿದವನ ಮಾತು ಅದು. ಅಸಹ್ಯವೂ ಇಲ್ಲ, ಸಾಹಸವೂ ಇಲ್ಲ. ಎಲ್ಲಿ ಬೆಳೆದ ಇಲಿ ಎಂಬುದೇ ಅವನಿಗೆ ಮುಖ್ಯ.

ನಾಲ್ಕು ಶತಮಾನದ ನಂತರ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಪಟ್ಟಣದ ಸಂತೆಯನ್ನು ಪಟ್ಟಿ ಮಾಡುತ್ತಾನೆ: ಜಿಂಕೆ, ಮೊಲ, ಕೌಜುಗ, ಲಾವಕ್ಕಿ, ಗುಬ್ಬಿ, ಇಲಿ, ಬೆಕ್ಕು, ಹಲ್ಲಿ. ದೊರೆಗಳೂ ಇವನ್ನೆಲ್ಲ ತಿನ್ನುತ್ತಾರೆ, ದನದ ಮಾಂಸ ಮಾತ್ರ ಇಲ್ಲ ಎನ್ನುತ್ತಾನೆ. ಬೆಕ್ಕು, ಹಲ್ಲಿಯ ಮಾತನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಪರದೇಶದವನಿಗೆ ಬೆರಗು ಬೇಕು, ನೈರೋಬಿಗೆ ಹೋದ ನಮ್ಮವನಿಗೆ ಬೇಕಾದ ಹಾಗೆ. ಆದರೆ ಅವನು ಹೇಳುವ ಇನ್ನೊಂದು ವಿವರ ಬೆರಗಿಗಾಗಿ ಹುಟ್ಟಿದ್ದಲ್ಲ: ಬೇಟೆಯ ಪ್ರಾಣಿಗಳನ್ನು ಜೀವಂತವಾಗಿಯೇ ಮಾರಬೇಕಿತ್ತಂತೆ, ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ತಿಳಿಯಲಿ ಎಂದು.

ಮಲೆನಾಡಿನ ಬೇಟೆ ಕುವೆಂಪು, ತೇಜಸ್ವಿಯವರಿಂದಾಗಿ ಸಾಹಿತ್ಯವಾಯಿತು. ಅಲ್ಲಿನ ಹಂದಿಬೇಟೆಯನ್ನು ನಾವು ತಲೆದೂಗಿ ಓದುತ್ತೇವೆ. ಬೇಡರ ಕಣ್ಣಪ್ಪ ಸುಟ್ಟ ಮಾಂಸವನ್ನು ತಾನು ರುಚಿ ನೋಡಿ, ಚೆನ್ನಾಗಿದ್ದ ತುಂಡನ್ನೇ ಶಿವನಿಗೆ ಎತ್ತಿಟ್ಟದ್ದನ್ನು ಭಕ್ತಿ ಎನ್ನುತ್ತೇವೆ. ನಾನು ಓದಿದ ಮಟ್ಟಿಗೆ ಬಯಲುಸೀಮೆಯ ಇಲಿಗೆ ಮಾತ್ರ ಇಂಥ ಓದು ಸಿಕ್ಕಿಲ್ಲ. ಅದು ಬಂದರೆ ಬಡತನದ ಗುರುತಾಗಿ ಬರುತ್ತದೆ, ಓದುಗ ಮರುಗಲಿ ಎಂದು. ಮೊಸಳೆ ತಿಂದವನಿಗೆ ಅನುಭವ, ಇಲಿ ತಿಂದವನಿಗೆ ಹಸಿವು. ಹಸಿವು ಸುಳ್ಳಲ್ಲ. ಆದರೆ ಹಸಿದವನಿಗೆ ನಾಲಿಗೆಯೇ ಇಲ್ಲವೆಂಬಂತೆ ಬರೆಯುವುದು ಯಾವ ನ್ಯಾಯ?

ಸಿಂಧನೂರು ತಾಲೂಕಿನ ನಮ್ಮ ಸಾಲಗುಂದದ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ನೆಲ್ಲು ಬೆಳೆಯುತ್ತದೆ. ಒಂದು ಕಾಲಕ್ಕೆ ಇದೂ ಸೋಮೇಶ್ವರನ ಸೀಮೆಯೇ. ಮೊಲ, ಕೌಜುಗ ಹಿಡಿದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ಇಲಿ ಬದುವಿನಲ್ಲಿದೆ. ಕೊಯ್ಲಾದ ಮೇಲೆ ಬಿಲಕ್ಕೆ ಹೊಗೆ ಹಾಕಿ ಹಿಡಿದು, ಅಲ್ಲೇ ಹುಲ್ಲಿನ ಬೆಂಕಿಯಲ್ಲಿ ಸುಟ್ಟು ತಿನ್ನುವವರಿದ್ದಾರೆ. ಹ್ಯಾಂಗಿರ್ತದ ಎಂದು ಕೇಳಿದರೆ ಅವರು ಕೋಳಿಯ ಹೆಸರೆತ್ತುವುದಿಲ್ಲ. ಮನಿ ಇಲಿ ಬ್ಯಾರೆ, ನೆಲ್ಲು ತಿಂದ ಇಲಿನೇ ಬ್ಯಾರೆ ಎನ್ನುತ್ತಾರೆ.