ಚದರಡಿಗೆ ಎಷ್ಟು?

ಮನೆಗೆ ಬಣ್ಣ ಹೊಡೆಸಲು ಹೊರಟವರ ಮೊದಲ ಪ್ರಶ್ನೆ ಎಲ್ಲ ಊರಲ್ಲೂ ಒಂದೇ: ‘ಚದರಡಿಗೆ ಎಷ್ಟು?’ ಪೇಂಟರ್ ಒಂದು ಅಂಕಿ ಹೇಳುತ್ತಾನೆ, ನಾವು ಎರಡು ರೂಪಾಯಿ ಇಳಿಸಿ ಕೇಳುತ್ತೇವೆ, ಅವನು ಒಂದಕ್ಕೆ ಒಪ್ಪುತ್ತಾನೆ. ವ್ಯವಹಾರ ಕುದುರಿತೆಂದು ಮುಂದಿನ ಹದಿನೈದು ದಿನ ಮನೆಮಂದಿಯೆಲ್ಲ ಶೇಡ್ ಕಾರ್ಡ್ ಹರವಿಕೊಂಡು ಕೂರುತ್ತೇವೆ. ಬೆಣ್ಣೆ ಬಣ್ಣವೋ ಗಂಧದ ಬಣ್ಣವೋ ಎಂದು ಗಂಡ ಹೆಂಡಿರು ಮಾತು ಬಿಡುವ ಮಟ್ಟಕ್ಕೆ ಚರ್ಚೆ ಬೆಳೆಯುತ್ತದೆ. ಆ ಚರ್ಚೆಯಲ್ಲಿ ಗೋಡೆಯ ಸುದ್ದಿಯೇ ಬರುವುದಿಲ್ಲ. ಅದು ಒಣಗಿದೆಯೇ, ಹಳೆಯ ಪದರ ಬಿಗಿಯಾಗಿದೆಯೇ, ಮೂಲೆಯ ತೇವ ಎಲ್ಲಿಂದ ಬರುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ನನ್ನ ತಕರಾರು ಈ ದರದ ಪದ್ಧತಿಯ ಮೇಲೆಯೇ. ಚದರಡಿ ಅಳೆಯುವುದು ಹರಹನ್ನು. ಬಣ್ಣದ ಕೆಲಸದ ಅರ್ಧಕ್ಕಿಂತ ಹೆಚ್ಚು ಇರುವುದು ಕೆರೆಯುವುದರಲ್ಲಿ, ಉಜ್ಜುವುದರಲ್ಲಿ, ಒಣಗಲು ಬಿಟ್ಟು ಕಾಯುವುದರಲ್ಲಿ. ಕಾಯುವುದಕ್ಕೆ ಯಾವ ಕೊಟೇಶನ್ನಿನಲ್ಲೂ ಸಾಲಿಲ್ಲ. ಒಂದು ದಿನ ಸುಮ್ಮನೆ ಬಿಟ್ಟ ಗೋಡೆ ಪೇಂಟರನಿಗೆ ಒಂದು ದಿನದ ಕೂಲಿ ನಷ್ಟ. ಹಾಗಾಗಿ ಬೆಳಿಗ್ಗೆ ಪುಟ್ಟಿ, ಮಧ್ಯಾಹ್ನ ಪ್ರೈಮರ್, ಮಾರನೇ ದಿನ ಬಣ್ಣ. ತಪ್ಪು ಅವನದೆನ್ನಲು ನನಗೆ ಬಾಯಿ ಬರುವುದಿಲ್ಲ. ನಾವು ಯಾವುದಕ್ಕೆ ದುಡ್ಡು ಕೊಡುತ್ತೇವೋ ಅದನ್ನೇ ಅವನು ಮಾಡುತ್ತಾನೆ.

ಹೊಸ ಮನೆಗಳಲ್ಲಿ ಇದು ಇನ್ನೂ ಕೆಡುತ್ತದೆ. ಸಿಮೆಂಟ್ ಗಿಲಾವು ತಿಂಗಳಾದರೂ ಹದಕ್ಕೆ ಬರಬೇಕು. ಅಲ್ಲಿಯವರೆಗೆ ಅದರೊಳಗೆ ನೀರೂ ಇರುತ್ತದೆ, ಕ್ಷಾರವೂ ಇರುತ್ತದೆ. ಅಂಥ ಗೋಡೆಗೆ ಎಣ್ಣೆ ಬಣ್ಣ ಬಳಿದರೆ ಕ್ಷಾರ ಎಣ್ಣೆಯನ್ನು ಸೋಪು ಮಾಡಿಬಿಡುತ್ತದೆ. ಸಾಬೂನು ತಯಾರಿಸುವಾಗ ಆಗುವ ಕ್ರಿಯೆಯೇ ಗೋಡೆಯ ಮೇಲೂ ಆಗಿ ಬಣ್ಣ ಜಿಡ್ಡುಗಟ್ಟಿ ಸುಲಿಯುತ್ತದೆ. ಆದರೆ ಗೃಹಪ್ರವೇಶದ ಮುಹೂರ್ತ ಗೊತ್ತಾಗಿದೆ, ಕಾರ್ಡು ಹಂಚಿಯಾಗಿದೆ. ಗೋಡೆ ಪಂಚಾಂಗ ನೋಡುವುದಿಲ್ಲ.

ಅಳತೆಯಲ್ಲೂ ಒಂದು ಗೊಂದಲವಿದೆ. ಸಾವಿರ ಚದರಡಿಯ ಮನೆ ಎಂದು ನಾವು ಹೇಳುವುದು ನೆಲದ ಲೆಕ್ಕ. ಬಣ್ಣ ಬೀಳುವುದು ಗೋಡೆ ಮತ್ತು ತಾರಸಿಯ ಅಡಿಗೆ. ಅದು ಸಾಮಾನ್ಯವಾಗಿ ನೆಲದ ಮೂರು, ಮೂರೂವರೆ ಪಟ್ಟು. ಕಿಟಕಿ ಬಾಗಿಲು ಕಳೆಯುತ್ತಾರೋ ಇಲ್ಲವೋ, ಕಂಬಿಗಳಿಗೆ ಬೇರೆ ದರವೋ ಎಂದು ಮೊದಲೇ ಬರೆಸಿಕೊಳ್ಳದವರು ಕೊನೆಯ ದಿನ ಟೇಪು ಹಿಡಿದು ಜಗಳಕ್ಕೆ ನಿಲ್ಲುತ್ತಾರೆ.

ಬಣ್ಣದ ಡಬ್ಬದೊಳಗೆ ಇನ್ನೊಂದು ಗುಟ್ಟಿತ್ತು, ಈಗಲೂ ಇದೆ: ಟೋಕನ್. ಡಬ್ಬ ತೆರೆದಾಗ, ಪುಟ್ಟಿ ಚೀಲ ಹರಿದಾಗ ಸಿಗುವ ಬಿಲ್ಲೆಯನ್ನು ಪೇಂಟರ್ ಜೇಬಿಗಿಳಿಸುತ್ತಾನೆ. ಅಂಗಡಿಯಲ್ಲಿ ಅದಕ್ಕೆ ದುಡ್ಡು. ಈಗೀಗ ಬಿಲ್ಲೆಯ ಬದಲು ಮೊಬೈಲಿನಲ್ಲಿ ಸ್ಕ್ಯಾನ್. ‘ಸಾರ್, ಇದೇ ಕಂಪನಿ ಹಾಕೋಣ, ಚೆನ್ನಾಗಿದೆ’ ಎಂಬ ಸಲಹೆಯ ತೂಕ ಎಷ್ಟೆಂದು ಈಗ ನೀವೇ ಅಂದಾಜು ಮಾಡಿ. ಒಂದು ರೂಪಾಯಿ ಇಳಿಸಿದವರು ನಾವು. ಅವನು ಅದನ್ನು ಎಲ್ಲಿಂದಲೋ ತುಂಬಿಸಿಕೊಳ್ಳಲೇಬೇಕು. ಟೋಕನ್ನಿನಿಂದ ತುಂಬಿಸಿಕೊಂಡರೆ ಪುಣ್ಯ. ಡಬ್ಬದ ಮೇಲೆ ಹೇಳಿದ್ದಕ್ಕಿಂತ ಒಂದು ಚೆಂಬು ನೀರು ಹೆಚ್ಚಿಗೆ ಬೆರೆಸಿ ತುಂಬಿಸಿಕೊಂಡರೆ ಎರಡು ವರ್ಷಕ್ಕೆ ಗೋಡೆ ಸವರಿದ ಕೈ ಬೆಳ್ಳಗಾಗುತ್ತದೆ.

ಮೈಸೂರಿನ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಒಬ್ಬ ಹುಡುಗನನ್ನು ಬರೆದುಕೊಟ್ಟರು. ಹಣೆಗೆ ಜೋತುಬಿದ್ದ ಕೂದಲು, ಕೈಯಲ್ಲಿ ಬ್ರಷ್ಷು, ಬಣ್ಣ ಸುರಿಯುವ ಡಬ್ಬ, ಹೆಸರು ಗಟ್ಟು. ದಶಕಗಳ ಕಾಲ ಬಣ್ಣದ ಅಂಗಡಿಯ ಬೋರ್ಡುಗಳಲ್ಲಿ ಅವನೇ ನಿಂತಿದ್ದ. ಈ ಶತಮಾನದ ಆರಂಭದಲ್ಲಿ ಕಂಪನಿ ಅವನನ್ನು ಕೈಬಿಟ್ಟಿತು. ಈಗಿನ ಬಣ್ಣದ ಜಾಹೀರಾತು ನೋಡಿ: ಸೋಫಾ, ಸಿನಿಮಾ ನಟರು, ನಗುವ ಸಂಸಾರ. ಬಳಿಯುವ ಕೈ ಅಪರೂಪ. ತಾನಾಗಿ ಗೋಡೆಗೆ ಬಂದು ಕೂತಂತೆ ಬಣ್ಣ ಹೊಳೆಯುತ್ತದೆ. ಕೊಳ್ಳುವವರ ತಲೆಯಲ್ಲೂ ಅದೇ ಚಿತ್ರ: ಬಣ್ಣ ಎಂದರೆ ಡಬ್ಬ, ಪೇಂಟರ್ ಎಂದರೆ ಅದಕ್ಕೆ ತಗಲುವ ಖರ್ಚು.

ಹೊಳಪಿನ ಮೋಹದ ಬಗ್ಗೆಯೂ ಹೇಳಬೇಕು. ‘ಶೈನಿಂಗ್ ಬರಬೇಕು’ ಎನ್ನುವವರೇ ಹೆಚ್ಚು. ಬಣ್ಣದಲ್ಲಿ ಪುಡಿಯ ಪಾಲು ಹೆಚ್ಚಿದ್ದು ಅಂಟಿನ ಪಾಲು ಕಡಿಮೆಯಾದರೆ ಮ್ಯಾಟ್; ಅಂಟು ಹೆಚ್ಚಾದಷ್ಟೂ ಹೊಳಪು, ಒರೆಸಲು ಅನುಕೂಲ. ಅಡುಗೆಮನೆಗೆ, ಮಕ್ಕಳು ಓಡಾಡುವ ಓಣಿಗೆ ಹೊಳಪಿನದು ಸರಿಯೇ. ಆದರೆ ನಮ್ಮ ಗಾರೆ ಕೆಲಸದ ಗೋಡೆಗಳು ಕನ್ನಡಿಯಲ್ಲ. ಸಂಜೆ ಪಡುವಣ ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಹೊಳೆಯುವ ಗೋಡೆಯ ಪ್ರತಿ ಉಬ್ಬುತಗ್ಗೂ ಎದ್ದು ಕೂರುತ್ತದೆ. ಅದನ್ನು ಮುಚ್ಚಲು ಮತ್ತೆ ಪುಟ್ಟಿ. ತೆಳ್ಳಗೆ ಸವರಬೇಕಾದ ಪುಟ್ಟಿಯನ್ನು ಗೋಡೆ ನೇರ ಮಾಡಲು ದಪ್ಪಗೆ ಮೆತ್ತುತ್ತಾರೆ. ಒಂದು ಮಳೆಗಾಲ ತೇವ ತಾಗಿದರೆ ಹಲಗೆ ಹಲಗೆಯಾಗಿ ಕಳಚುತ್ತದೆ. ಹಜಾರಕ್ಕೆ, ಮಲಗುವ ಕೋಣೆಗೆ ಮ್ಯಾಟ್ ಸಾಕು. ಅದು ಗೋಡೆಯ ಐಬನ್ನು ಮುಚ್ಚಿ ಮರ್ಯಾದೆ ಉಳಿಸುತ್ತದೆ. ಟಿ.ವಿ. ಹಿಂದಿನ ಟೆಕ್ಸ್ಚರ್ ಗೋಡೆಯ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಧೂಳು ಕೂರಲು ಪ್ರಶಸ್ತ ಜಾಗ.

ಈಗ ನನ್ನದೇ ದಡ್ಡತನದ ಕಥೆ. ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಗೆ ಮಣ್ಣಿನ ಗೋಡೆ, ಮೇಲೆ ಸುಣ್ಣ. ಪ್ರತಿ ದೀಪಾವಳಿಗೆ ಮೊದಲು ಅಜ್ಜಿ ಸುಣ್ಣದ ತಿಳಿಗೆ ಚೂರು ಅಂಟು, ಒಂದಿಷ್ಟು ನೀಲಿ ಬೆರೆಸಿ ನಾರಿನ ಕುಂಚದಲ್ಲಿ ಬಳಿಸುತ್ತಿದ್ದಳು. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ, ಆದರೂ ಆವಿಯನ್ನು ಹೊರಬಿಡುತ್ತದೆ. ಗೋಡೆ ಮಳೆಗಾಲದಲ್ಲಿ ಕುಡಿದದ್ದನ್ನು ಬೇಸಗೆಯಲ್ಲಿ ಬಿಡುತ್ತಿತ್ತು. ವರ್ಷ ವರ್ಷ ಬಳಿಯುವ ರಗಳೆ ತಪ್ಪಲಿ ಎಂದು ನಾನು ಬೆಂಗಳೂರಿನ ಬುದ್ಧಿ ಓಡಿಸಿ ಒಳ್ಳೆಯ ಎಮಲ್ಷನ್ ಹೊಡೆಸಿದೆ. ಕೊಟೇಶನ್ ಕೊಟ್ಟವನು ಗೋಡೆ ಮಣ್ಣಿನದೋ ಇಟ್ಟಿಗೆಯದೋ ಎಂದು ಕೇಳಲಿಲ್ಲ. ಚದರಡಿ ಕೇಳಿದ. ನಾನೂ ಹೇಳಲಿಲ್ಲ. ಮುಂದಿನ ಆಷಾಢಕ್ಕೆ ಗೋಡೆ ಹಪ್ಪಳದಂತೆ ಉಬ್ಬಿತು. ಪ್ಲಾಸ್ಟಿಕ್ ಹಾಳೆಯಂಥ ಬಣ್ಣದ ಹಿಂದೆ ನೀರು ಸಿಕ್ಕಿಕೊಂಡು ಉಪ್ಪು ಅರಳಿತ್ತು. ಒತ್ತಿದರೆ ಒಳಗಿನ ಮಣ್ಣು ಬೆರಳಿಗೆ ಬಂತು. ಅಗ್ಗದ ಸುಣ್ಣವೇ ಒಳ್ಳೆಯದು, ದುಬಾರಿ ಎಮಲ್ಷನ್ ಕೆಟ್ಟದ್ದು ಎಂದು ಇದರಿಂದ ತೀರ್ಮಾನಿಸಬೇಡಿ. ಬೆಂಗಳೂರಿನ ನನ್ನ ಸಿಮೆಂಟ್ ಗೋಡೆಯ ಮೇಲೆ ಅದೇ ಎಮಲ್ಷನ್ ಒಂಬತ್ತನೇ ವರ್ಷಕ್ಕೂ ಚೆನ್ನಾಗಿದೆ.

ಕೆರೆಯುವ ವಿಷಯದಲ್ಲಿ ಒಂದು ಎಚ್ಚರಿಕೆ, ಇದರಲ್ಲಿ ತಮಾಷೆ ಇಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಹೊರಟಿದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಕಿಟಕಿ ಕಂಬಿ, ಬಾಗಿಲುಗಳ ಎನಾಮಲ್‌ನಲ್ಲಿ, ಅದರಲ್ಲೂ ಹಳದಿ ಕಿತ್ತಳೆಗಳಲ್ಲಿ, ಸೀಸ ಇರುವ ಸಾಧ್ಯತೆ ಹೆಚ್ಚು. ಅದನ್ನು ಒಣಗಿದಂತೆಯೇ ಉಪ್ಪುಕಾಗದದಲ್ಲಿ ಉಜ್ಜಿದರೆ ಆ ಪುಡಿ ಹೋಗುವುದು ಉಜ್ಜುವವನ ಎದೆಗೆ, ನೆಲದಲ್ಲಿ ಅಂಬೆಗಾಲಿಡುವ ಕೂಸಿನ ಬಾಯಿಗೆ. ಒದ್ದೆ ಮಾಡಿ ಉಜ್ಜಿಸಬೇಕು, ಮುಖಕ್ಕೆ ಮಾಸ್ಕ್ ಕೊಡಬೇಕು, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಸಬೇಕು. ಇದಕ್ಕೂ ಹೊತ್ತು ಬೇಕು. ಇದೂ ಚದರಡಿಯ ದರದಲ್ಲಿ ಸೇರಿಲ್ಲ.

ಈಗ ನಗರಗಳಲ್ಲಿ ಕಂಪನಿಗಳೇ ನೇರ ಮನೆಗೆ ಬರುತ್ತವೆ. ಲೇಸರಿನಲ್ಲಿ ಅಳೆದು, ಧೂಳು ಹೀರುವ ಯಂತ್ರದಲ್ಲಿ ಉಜ್ಜಿ, ಸೋಫಾಕ್ಕೆ ಹಾಳೆ ಹೊದಿಸಿ ಕೆಲಸ ಮುಗಿಸುತ್ತಾರೆ. ಧೂಳು ಕಡಿಮೆ, ಅಳತೆಯ ಜಗಳವಿಲ್ಲ; ಅದು ನಿಜವಾದ ಲಾಭ. ಆದರೆ ಅಲ್ಲಿ ಮಾರಾಟವಾಗುವುದೂ ವೇಗವೇ: ಐದು ದಿನದಲ್ಲಿ ಮನೆ ಮುಗಿಯಿತು ಎಂಬ ಮಾತು. ವಾರಂಟಿ ಕಾಗದದಲ್ಲಿ ತೇವ, ಸೋರಿಕೆಗಳ ಬಗ್ಗೆ ಏನಿದೆಯೆಂದು ಸಹಿ ಹಾಕುವ ಮೊದಲು ಓದಿ. ಹಾಳಾಗುವ ಗೋಡೆ ಬಹುಪಾಲು ಹಾಳಾಗುವುದು ನೀರಿನಿಂದಲೇ.

ಊರಿನ ಗೋಡೆಗೆ ವಾಪಸು ಸುಣ್ಣ ಹೊಡೆಸೋಣವೆಂದು ಹೋದ ಭಾದ್ರಪದದಲ್ಲಿ ಪಕ್ಕದ ಹಳ್ಳಿಯ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ಟೇಪು ತಂದಿರಲಿಲ್ಲ. ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿದರು, ಕಿವಿ ಇಟ್ಟರು, ಮಾಡಿನ ಕಡೆ ನೋಡಿ ಒಂದು ಒಡೆದ ಹೆಂಚು ತೋರಿಸಿದರು. ಅಭ್ಯಾಸಬಲದಿಂದ ನಾನು ಚದರಡಿಗೆ ಎಷ್ಟಾಗುತ್ತದೆ ಎಂದೆ.

‘ಮೊದ್ಲು ಈ ಬಣ್ಣ ಕೆರ್ಸಿ ಬಿಡಿ ಅಯ್ಯ, ಹೆಂಚು ಬದ್ಲಾಯ್ಸಿ. ಸಂಕ್ರಾಂತಿ ಕಳೀಲಿ, ಗೋಡೆ ಒಣಗ್ಲಿ. ಆಮೇಲೆ ಬರ್ತೀನಿ’ ಎಂದು ಕಾಫಿ ಕುಡಿದು ಹೊರಟರು.