ಆರು ಅಂಕಿಗಳ ಸೂತ್ರ

ಕೆಂಪು ಪೆಟ್ಟಿಗೆಯ ಬಾಯಿಗೆ ಕಾಗದವನ್ನು ಹಾಕಿ ನಾವು ನಿಶ್ಚಿಂತರಾಗಿ ಹಿಂದಿರುಗುವೆವಾದರೂ, ಅದರ ನಿಜವಾದ ಪ್ರಯಾಣವು ಲೋಕದ ಕಣ್ಣಿಗೆ ಬೀಳದ ವಿಂಗಡಣೆಯ ಕೊಠಡಿಗಳಲ್ಲಿಯೇ ನಿರ್ಧಾರವಾಗುವುದು. ಒಂದೇ ಹೆಸರಿನ ಊರುಗಳು ಹಲವಿದ್ದು, ವಿಳಾಸಗಳು ಹತ್ತಾರು ಲಿಪಿಗಳಲ್ಲಿ, ಕೆಲವೊಮ್ಮೆ ಬರೆದವರೇ ಓದಲಾರದ ಅಕ್ಷರಗಳಲ್ಲಿ ಬಂದು ಬೀಳುವ ಈ ದೇಶಕ್ಕೆ, 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡು ಮಾಡಿದ ಉಪಕಾರ ಅಸಾಮಾನ್ಯವಾದುದು. ಅದರ ಕರ್ತೃಗಳಾದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಗಳೂ ಆಗಿದ್ದುದು ನನಗೆ ಕೇವಲ ಆಕಸ್ಮಿಕವೆನಿಸದು. ಅಲ್ಪಾಕ್ಷರದಲ್ಲಿ ಬಹ್ವರ್ಥವನ್ನಡಗಿಸುವ ಸೂತ್ರಕಾರನ ಬುದ್ಧಿಯೇ ಅಲ್ಲಿ ಕಾಣುತ್ತದೆ.

577201 ಎಂಬುದರಲ್ಲಿ ಮೊದಲ ಅಂಕಿ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯವನ್ನೂ, ಎರಡನೆಯದು ಕರ್ನಾಟಕದೊಳಗಿನ ಒಂದು ಉಪವಲಯವನ್ನೂ, ಮೂರನೆಯದು ವಿಂಗಡಣೆಯ ಜಿಲ್ಲೆಯನ್ನೂ, ಉಳಿದ ಮೂರು ಶಿವಮೊಗ್ಗದ ಅಂಚೆಕಚೇರಿಯನ್ನೂ ಸೂಚಿಸುವವು. ಈ ಜಿಲ್ಲೆಯಾದರೋ ಕಂದಾಯ ಇಲಾಖೆಯ ಜಿಲ್ಲೆಯಲ್ಲ. ಚಿಕ್ಕಮಗಳೂರು ದಾವಣಗೆರೆಗಳೂ 577ರಲ್ಲಿಯೇ ಶಿವಮೊಗ್ಗದೊಡನೆ ಸಹಬಾಳ್ವೆ ನಡೆಸುತ್ತವೆ! ಗುವಾಹಟಿಯಲ್ಲಿ ಕುಳಿತವನಿಗೆ ಶಿವಮೊಗ್ಗವು ತುಂಗೆಯ ದಡದಲ್ಲಿದೆಯೆಂಬ ಜ್ಞಾನ ಬೇಕಿಲ್ಲ. ಮೊದಲ ಅಂಕಿಗಳನ್ನು ನೋಡಿ ದಕ್ಷಿಣದ ಚೀಲಕ್ಕೆ ಸೇರಿಸಿದನೆಂದರೆ ಅವನ ಋಣ ತೀರಿತು, ಉಳಿದುದನ್ನು ಮುಂದಿನವರು ಓದಿಕೊಳ್ಳುವರು. ತನಗೆ ಬೇಕಾದಷ್ಟನ್ನೇ ತಿಳಿದು ಮಿಕ್ಕುದನ್ನು ಕಾಣದ ಸಹೋದ್ಯೋಗಿಗೆ ಬಿಟ್ಟುಕೊಡುವ ಈ ವಿಶ್ವಾಸವೇ ಈ ವ್ಯವಸ್ಥೆಯ ಸೌಂದರ್ಯವೆಂದು ನನ್ನ ಎಣಿಕೆ.

ಅಂಕಿಗಳು ಹುಟ್ಟುವುದಕ್ಕೆ ಬಹು ಮೊದಲೇ, ರೈಲ್ವೆ ಅಂಚೆ ಸೇವೆಯವರು ಓಲಾಡುವ ಗಾಡಿಯಲ್ಲಿ ರಾತ್ರಿಯೆಲ್ಲ ನಿಂತು, ಊರುಗಳನ್ನೂ ರೈಲುಮಾರ್ಗಗಳನ್ನೂ ಕಂಠಸ್ಥ ಮಾಡಿಕೊಂಡು, ಗೋಡೆಯ ಗೂಡುಗಳಿಗೆ ಕಾಗದಗಳನ್ನು ಹಂಚುತ್ತಿದ್ದರು. ಪೆಟ್ಟಿಗೆಯ ವೇಳೆ ತಪ್ಪಿಸಿಕೊಂಡವರು ನಿಲ್ದಾಣಕ್ಕೆ ಓಡಿಬಂದು, ಹೆಚ್ಚಿನ ಅಂಚೆಚೀಟಿಯನ್ನಂಟಿಸಿ, ಆ ಗಾಡಿಗೇ ಕಾಗದವನ್ನು ಹಾಕಬಹುದಾಗಿತ್ತು.